ರೆಂಡರ್ ಕಲಿಸಲು ಯಾವ ಸಾಫ್ಟ್‌ವೇರ್? ಮೊದಲು ಲ್ಯಾಬಿನ ಹಳೇ ಕಂಪ್ಯೂಟರ್ ನೋಡಿ

ನಮ್ಮ ಲ್ಯಾಬಿನಲ್ಲಿ ಹದಿನಾರು ಕಂಪ್ಯೂಟರ್ ಇವೆ. ಗ್ರಾಫಿಕ್ಸ್ ಕಾರ್ಡ್ ಇರುವುದು ಮೂರಕ್ಕೆ ಮಾತ್ರ. ಉಳಿದವು ಒಂದು ಕಾಲದಲ್ಲಿ ಟ್ಯಾಲಿ ಕ್ಲಾಸಿಗೆ ಅಂತ ತಂದವು. ಎಲ್ಲಕ್ಕಿಂತ ಹಳೆಯದು ಏಳನೇ ನಂಬರ್. ಅದರ ಫ್ಯಾನ್ ಶುರುವಾದರೆ ಪಕ್ಕದ ರೂಮಿನವರು ಬಂದು ಕೇಳುತ್ತಾರೆ.

ಮೊನ್ನೆ ಬಂಗಾರಪೇಟೆಯಿಂದ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಅವರು ಅಲ್ಲಿ ಇಂಟೀರಿಯರ್ ಡಿಸೈನ್ ಕ್ಲಾಸ್ ಶುರು ಮಾಡುತ್ತಿದ್ದಾರೆ. ‘ರೆಂಡರ್ ಹೇಳಿಕೊಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಸಾರ್?’ ಎಂದರು. ‘ನಿಮ್ಮ ಹತ್ತಿರ ಇರೋದರಲ್ಲಿ ತೀರಾ ಹಳೇ ಕಂಪ್ಯೂಟರ್ ಯಾವುದು?’ ಎಂದೆ. ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ. ಯಾಕೆ ಹಾಗೆ ಕೇಳಿದೆ ಅನ್ನುವುದು ಗೊತ್ತಾಗಬೇಕಾದರೆ, ರೆಂಡರ್ ಅಂದರೆ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು.

ಮಾಡೆಲ್ ಅಂದರೆ ರೂಮಿನ ಆಕಾರ. ಗೋಡೆ ಇಲ್ಲಿ, ಕಿಟಕಿ ಇಲ್ಲಿ, ಮಂಚ ಇಷ್ಟು ಉದ್ದ. ಅದರಲ್ಲಿ ಬೆಳಕಿಲ್ಲ. ‘ಇಲ್ಲಿ ನಿಂತು, ಇಂಥ ಬೆಳಕಿನಲ್ಲಿ ನೋಡಿದರೆ ಈ ರೂಮು ಹೇಗೆ ಕಾಣುತ್ತದೆ?’ ಎಂಬ ಪ್ರಶ್ನೆಗೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಉತ್ತರವೇ ರೆಂಡರ್. ಹೊರಗೆ ಬರುವುದು ಚಿತ್ರ, ಒಳಗೆ ನಡೆಯುವುದು ಪೂರ್ತಿ ಲೆಕ್ಕ.

ಆ ಲೆಕ್ಕ ಏನು ಅಂತ ಹೇಳಲು ನಾನು ಪ್ರತಿ ಬ್ಯಾಚಿಗೂ ಹೆಂಚಿನ ಮನೆಯನ್ನೇ ಎಳೆದು ತರುತ್ತೇನೆ. ಮಾಲೂರು ಹೆಂಚು ನಮ್ಮ ಕೋಲಾರ ಜಿಲ್ಲೆಯದೇ. ಅಜ್ಜಿ ಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚು ಇದ್ದೇ ಇರುತ್ತದೆ, ಅಲ್ವಾ? ಅದರೊಳಗಿಂದ ಬಿಸಿಲು ಇಳಿದು ಕೆಂಪು ಗಾರೆ ನೆಲದ ಮೇಲೆ ಚೌಕ ಬೀಳುತ್ತದೆ. ಬಿಸಿಲು ಬಿದ್ದಿರುವುದು ಆ ಚೌಕದಲ್ಲಿ ಮಾತ್ರ. ಆದರೂ ಇಡೀ ಕೋಣೆ ಕಾಣುತ್ತದೆ. ಸುಣ್ಣದ ಗೋಡೆಯ ಕೆಳಭಾಗಕ್ಕೆ ತೆಳುವಾಗಿ ಕೆಂಪು ಹತ್ತಿರುತ್ತದೆ. ಬೆಳಕು ನೆಲಕ್ಕೆ ಬಡಿದು ಪುಟಿದು, ನೆಲದ ಬಣ್ಣವನ್ನು ಒಂದಿಷ್ಟು ಹೊತ್ತುಕೊಂಡು ಗೋಡೆಗೆ ಹೋಯಿತು. ಅಲ್ಲಿಂದ ಮತ್ತೆ ಪುಟಿದು ಮೂಲೆಯ ಹಂಡೆಯ ಮೇಲೆ ಬಿತ್ತು. ಹೀಗೆ ಪುಟಿಯುವ ಬೆಳಕನ್ನು ಸರಿಯಾಗಿ ಹಿಂಬಾಲಿಸುವುದೇ ರೆಂಡರ್‌ನ ಕಷ್ಟದ ಭಾಗ.

ಕಂಪ್ಯೂಟರ್ ಇದನ್ನು ಉಲ್ಟಾ ಮಾಡುತ್ತದೆ. ಹೆಂಚಿನಿಂದ ಇಳಿದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಂದು ಸೇರುವುದು ಎಳ್ಳಷ್ಟು. ಉಳಿದದ್ದಕ್ಕೆಲ್ಲ ಲೆಕ್ಕ ಹಾಕುವುದು ದಂಡ. ಅದಕ್ಕೇ ಕ್ಯಾಮೆರಾದಿಂದ ಒಂದೊಂದು ಪಿಕ್ಸೆಲ್ಲಿನ ಮೂಲಕ ಒಂದು ಕಿರಣ ಬಿಟ್ಟು, ‘ನೀನು ಯಾವುದಕ್ಕೆ ಬಡಿದೆ? ಅಲ್ಲಿಗೆ ಬೆಳಕು ಎಲ್ಲಿಂದ ಬಂತು?’ ಅಂತ ಹಿಂದಕ್ಕೆ ಹುಡುಕುತ್ತಾ ಹೋಗುತ್ತದೆ. ಕನ್ನಡಿ, ಗಾಜು, ನೆರಳನ್ನೆಲ್ಲ ಈ ದಾರಿಯಲ್ಲಿ ಹಿಡಿಯಬಹುದು ಅಂತ 1980ರಲ್ಲಿ ಟರ್ನರ್ ವಿಟೆಡ್ ತೋರಿಸಿದರು. ಎಲ್ಲ ಕಡೆಯಿಂದ ಪುಟಿದು ಬರುವ ಬೆಳಕಿಗೆ 1986ರಲ್ಲಿ ಜೇಮ್ಸ್ ಕಜಿಯ ಒಂದು ಸಮೀಕರಣ ಬರೆದರು. ಇವತ್ತಿನ ರೆಂಡರ್ ಎಂಜಿನ್‌ಗಳು, ಅಂದರೆ ಈ ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳಾದ ಸೈಕಲ್ಸ್, ವಿ-ರೇ, ಕರೋನಾ ಎಲ್ಲ ಬಿಡಿಸುತ್ತಿರುವುದು ಆ ಸಮೀಕರಣವನ್ನೇ. ಸಮೀಕರಣದ ಭಯ ಬೇಡ. ನಾನು ಅದನ್ನು ಬೋರ್ಡಿನ ಮೇಲೆ ಒಮ್ಮೆಯೂ ಬರೆದಿಲ್ಲ.

ಟೊಮೇಟೊ ಮಂಡಿಯ ಲೆಕ್ಕ

ನೆಲಕ್ಕೆ ಬಡಿದ ಕಿರಣ ಮುಂದೆ ಯಾವ ಕಡೆಗೆ ಹೋಗಬೇಕು? ಗಾರೆ ನೆಲ ಕನ್ನಡಿಯಲ್ಲ. ಬೆಳಕು ಅಲ್ಲಿಂದ ಎಲ್ಲ ದಿಕ್ಕಿಗೂ ಚದುರುತ್ತದೆ. ಎಲ್ಲ ದಿಕ್ಕನ್ನೂ ನೋಡಲು ಆಗುವುದಿಲ್ಲ. ಹಾಗಾಗಿ ಕಂಪ್ಯೂಟರ್ ಯಾವುದೋ ಒಂದು ದಿಕ್ಕನ್ನು ಚೀಟಿ ಎತ್ತಿದ ಹಾಗೆ ಎತ್ತಿಕೊಳ್ಳುತ್ತದೆ. ಅದೇ ಪಿಕ್ಸೆಲ್ಲಿನಿಂದ ಮತ್ತೊಂದು ಕಿರಣ ಬಿಟ್ಟು ಬೇರೆ ದಿಕ್ಕು ನೋಡುತ್ತದೆ. ಕೊನೆಗೆ ಎಲ್ಲದರ ಸರಾಸರಿ ತೆಗೆಯುತ್ತದೆ. ಹೀಗೆ ಬಿಡುವ ಒಂದೊಂದು ಕಿರಣಕ್ಕೂ ಸ್ಯಾಂಪಲ್ ಅಂತ ಹೆಸರು.

ಕೋಲಾರದ ಎಪಿಎಂಸಿಗೆ ಟೊಮೇಟೊ ಸೀಸನ್ನಿನಲ್ಲಿ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. 15 ಕೆಜಿ ಬಾಕ್ಸ್‌ಗಳ ಸಾಲು. ಕೊಳ್ಳುವವರು ಎಲ್ಲ ಬಾಕ್ಸನ್ನೂ ಸುರಿದು ನೋಡುವುದಿಲ್ಲ. ಒಂದೆರಡು ನೋಡಿ ಲಾಟಿಗೆ ಬೆಲೆ ಕೂಗುತ್ತಾರೆ. ಒಂದೇ ಬಾಕ್ಸ್ ನೋಡಿದರೆ ಅಂದಾಜು ತಪ್ಪಬಹುದು. ಅದು ಮೇಲಿನ ಒಳ್ಳೆ ಬಾಕ್ಸೂ ಇರಬಹುದು, ಅಡಿಯ ಕೊಳೆತದ್ದೂ ಇರಬಹುದು. ಜಾಸ್ತಿ ಬಾಕ್ಸ್ ನೋಡಿದಷ್ಟೂ ಅಂದಾಜು ನಿಜದ ಹತ್ತಿರ ಬರುತ್ತದೆ. ರೆಂಡರ್‌ನಲ್ಲಿ ಒಂದೊಂದು ಪಿಕ್ಸೆಲ್ಲೂ ಒಂದು ಲಾಟ್. ಸ್ಯಾಂಪಲ್ ಕಮ್ಮಿ ಇದ್ದರೆ ಅಕ್ಕಪಕ್ಕದ ಪಿಕ್ಸೆಲ್ಲುಗಳ ಅಂದಾಜು ಒಂದೊಂದು ಥರ ಬರುತ್ತದೆ. ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುವುದು ಇದಕ್ಕೇ. ಇದನ್ನೇ ನಾಯ್ಸ್ ಅನ್ನುತ್ತಾರೆ.

ಹುಡುಗರಿಗೆ ಬೇಜಾರು ತರಿಸುವ ವಿಷಯವೂ ಇಲ್ಲೇ ಇದೆ. ರವೆ ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು. ಕಾಲು ಭಾಗಕ್ಕೆ ಇಳಿಯಬೇಕಾದರೆ ಹದಿನಾರು ಪಟ್ಟು. 1920ಕ್ಕೆ 1080ರ ಚಿತ್ರದಲ್ಲಿ 20,73,600 ಪಿಕ್ಸೆಲ್ ಇವೆ. ಪಿಕ್ಸೆಲ್ಲಿಗೆ ಬರೀ 128 ಸ್ಯಾಂಪಲ್ ಅಂದರೂ ಇಪ್ಪತ್ತಾರೂವರೆ ಕೋಟಿ ಕಿರಣ. ಒಂದೊಂದೂ ನಾಲ್ಕೈದು ಸಲ ಪುಟಿಯುತ್ತದೆ. ನಮ್ಮ ಏಳನೇ ನಂಬರಿನ ಫ್ಯಾನ್ ಸುಮ್ನೆ ಕೂಗುವುದಿಲ್ಲ.

ಇಲ್ಲಿ ಎರಡು ಉಪಾಯ ಇವೆ. ಒಂದು, ಅಗಲ ಮತ್ತು ಎತ್ತರ ಎರಡನ್ನೂ ಅರ್ಧ ಮಾಡಿದರೆ ಪಿಕ್ಸೆಲ್ ಕಾಲು ಭಾಗ ಆಗುತ್ತದೆ. ಕೆಲಸವೂ ಹೆಚ್ಚುಕಮ್ಮಿ ಕಾಲು ಭಾಗ. ಅಭ್ಯಾಸಕ್ಕೆ ಅದು ಧಾರಾಳ ಸಾಕು. ಇನ್ನೊಂದು ಡಿನಾಯ್ಸರ್. ರವೆ ರವೆಯಾದ ಚಿತ್ರ ನೋಡಿ, ನಯವಾಗಿದ್ದರೆ ಹೇಗಿರುತ್ತಿತ್ತು ಅಂತ ಊಹಿಸಿ ಒರೆಸುವ ಪ್ರೋಗ್ರಾಂ ಅದು. ಇಂಟೆಲ್ ಕಂಪನಿ 2019ರಲ್ಲಿ ಬಿಟ್ಟ ಓಪನ್ ಇಮೇಜ್ ಡಿನಾಯ್ಸ್ ಉಚಿತ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮಾಮೂಲಿ ಪ್ರೊಸೆಸರ್ ಮೇಲೂ ಓಡುತ್ತದೆ. ಅದೇ ವರ್ಷದ ಕೊನೆಗೆ ಬ್ಲೆಂಡರ್ ಎಂಬ ಉಚಿತ 3ಡಿ ಸಾಫ್ಟ್‌ವೇರ್ ಒಳಗೂ ಸೇರಿತು. ನನ್ನ ಕೇಳಿದರೆ, ಕಾರ್ಡಿಲ್ಲದ ಲ್ಯಾಬುಗಳ ಪಾಲಿಗೆ ಇಷ್ಟು ವರ್ಷದಲ್ಲಿ ಆದ ದೊಡ್ಡ ಉಪಕಾರ ಅದೇ. ತೀರಾ ಕಮ್ಮಿ ಸ್ಯಾಂಪಲ್ ಕೊಟ್ಟರೆ ಮಾತ್ರ ಎಡವುತ್ತದೆ. ಮರದ ಗೆರೆಯನ್ನೂ ರವೆ ಅಂದುಕೊಂಡು ಒರೆಸಿಬಿಡುತ್ತದೆ.

ನಾಟಕದ ಪರದೆ

ಇನ್ನೊಂದು ದಾರಿ ವಿಡಿಯೋ ಗೇಮಿನದು. ಗೇಮಿನಲ್ಲಿ ಸೆಕೆಂಡಿಗೆ 30 ಅಥವಾ 60 ಚಿತ್ರ ಬರಲೇಬೇಕು. ಕಿರಣ ಹಿಂಬಾಲಿಸುತ್ತಾ ಕೂರಲು ಪುರಸೊತ್ತಿಲ್ಲ. ಅದಕ್ಕೇ ವಸ್ತುಗಳನ್ನು ತ್ರಿಕೋನಗಳಾಗಿ ಒಡೆದು, ಯಾವ ತ್ರಿಕೋನ ಯಾವ ಪಿಕ್ಸೆಲ್ ಮೇಲೆ ಬೀಳುತ್ತದೆ ಅಂತ ನೋಡಿ ಬಣ್ಣ ಬಳಿಯುತ್ತಾರೆ. ನೆರಳು, ಪ್ರತಿಬಿಂಬ, ಪುಟಿದ ಬೆಳಕು ಎಲ್ಲವನ್ನೂ ಬೇರೆ ಬೇರೆ ಉಪಾಯದಿಂದ ಸೇರಿಸುತ್ತಾರೆ. ಊರ ಜಾತ್ರೆಯ ನಾಟಕದ ಪರದೆಯ ಹಾಗೆ. ಎದುರು ಕೂತವರಿಗೆ ಅರಮನೆ. ಪಕ್ಕಕ್ಕೆ ಬಂದು ಇಣುಕಿದರೆ ಬಟ್ಟೆ.

ಬ್ಲೆಂಡರಿನ ಸೈಕಲ್ಸ್ ಕಿರಣದ ದಾರಿಯದು, ಅದರದೇ ಈವೀ ಈ ಗೇಮಿನ ಜಾತಿಯದು. ಲ್ಯೂಮಿಯಾನ್, ಎನ್‌ಸ್ಕೇಪ್, ಟ್ವಿನ್‌ಮೋಷನ್, ಡಿ5 ಕೂಡ ವೇಗಕ್ಕೇ ಹುಟ್ಟಿದವು. ಈಗ ಅವೂ ಒಳ್ಳೆ ಕಾರ್ಡ್ ಇದ್ದರೆ ಕಿರಣಗಳನ್ನು ಒಂದಿಷ್ಟು ಹಿಂಬಾಲಿಸುತ್ತವೆ. ಹಾಗಾಗಿ ಎರಡು ದಾರಿಯ ನಡುವಿನ ಗೆರೆ ಮೊದಲಿನಷ್ಟು ದಪ್ಪ ಇಲ್ಲ.

ಎರಡರ ವ್ಯತ್ಯಾಸ ತೋರಿಸಲು ಒಂದು ಕನ್ನಡಿ ಸಾಕು. ಬೀರುವಿನ ಬಾಗಿಲಿಗೆ ಕನ್ನಡಿ ಹಾಕಿ. ಕ್ಯಾಮೆರಾದ ಬೆನ್ನ ಹಿಂದೆ ಒಂದು ಕೆಂಪು ಕುರ್ಚಿ ಇಡಿ. ಸೈಕಲ್ಸ್‌ನಲ್ಲಿ ಕುರ್ಚಿ ಕನ್ನಡಿಯಲ್ಲಿ ಕಾಣುತ್ತದೆ. ಈವೀಯಲ್ಲಿ ಹಾಗೆ ತಾನಾಗಿ ಸರಿಯಾಗಿ ಬರುವುದಿಲ್ಲ. ಅದು ಪ್ರತಿಬಿಂಬ ಹುಡುಕುವುದು ಹೆಚ್ಚಾಗಿ ಸ್ಕ್ರೀನಿನ ಮೇಲೆ ಆಗಲೇ ಇರುವ ಚಿತ್ರದಲ್ಲಿ. ಕುರ್ಚಿ ಅಲ್ಲಿ ಇಲ್ಲವಲ್ಲ! ಎರಡೂ ಎಂಜಿನ್ ಒಂದೇ ಫೈಲಿನಲ್ಲಿವೆ. ಒಂದು ಮೆನು ಬದಲಿಸಿದರೆ ಆಯಿತು. ಹತ್ತು ನಿಮಿಷದ ಈ ಪಾಠ ನಾನು ಒಂದು ಗಂಟೆ ಮಾತಾಡಿದ್ದಕ್ಕಿಂತ ಚೆನ್ನಾಗಿ ನಾಟುತ್ತದೆ.

ಈಗ ಹಳೇ ಕಂಪ್ಯೂಟರಿನ ಪ್ರಶ್ನೆಗೆ ಬರೋಣ. ಲ್ಯೂಮಿಯಾನ್, ಎನ್‌ಸ್ಕೇಪ್, ಟ್ವಿನ್‌ಮೋಷನ್, ಡಿ5 ಇವಕ್ಕೆಲ್ಲ ತಕ್ಕಮಟ್ಟಿನ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಇಲ್ಲದಿದ್ದರೆ ನಿಧಾನ ಅನ್ನುವ ಮಾತಲ್ಲ, ಕೆಲಸವೇ ನಡೆಯುವುದಿಲ್ಲ. ಸೈಕಲ್ಸ್, ವಿ-ರೇ, ಕರೋನಾ, ಕೀಶಾಟ್ ಇವು ಪ್ರೊಸೆಸರ್ ಮೇಲೂ ಓಡುತ್ತವೆ. ತಡವಾಗುತ್ತದೆ, ಆದರೆ ಉತ್ತರ ಬರುತ್ತದೆ. ಮೂರು ಕಾರ್ಡ್ ಇರುವ ಲ್ಯಾಬಿನಲ್ಲಿ ಕಾರ್ಡ್ ಕೇಳುವ ಸಾಫ್ಟ್‌ವೇರ್ ಹಿಡಿದರೆ ಏನಾಗುತ್ತದೆ? ಮೂರು ಜನ ಮೌಸ್ ಹಿಡಿಯುತ್ತಾರೆ, ಉಳಿದವರು ಅವರ ಬೆನ್ನ ಹಿಂದೆ ನಿಲ್ಲುತ್ತಾರೆ. ಮೌಸ್ ಹಿಡಿಯುವವರು ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರೇ ಆಗಿರುತ್ತಾರೆ. ಬೇಕಾದರೆ ನೋಡಿ.

ಇದು ಬೇರೆಯವರ ಕಥೆಯಲ್ಲ. ಕೆಲವು ವರ್ಷದ ಹಿಂದೆ ನಾನೇ ಹಾಗೆ ಮಾಡಿದ್ದೆ. ಸಾಫ್ಟ್‌ವೇರಿನ ಹೆಸರು ಬೇಡ. ಗಿಡ, ಕಾರು, ಜನ, ಸಂಜೆಯ ಆಕಾಶ ಎಲ್ಲ ರೆಡಿ ಇತ್ತು. ಎಳೆದು ತಂದು ಬಿಟ್ಟರೆ ಆಯಿತು. ಮೊದಲ ವಾರವೇ ಎಲ್ಲರ ಚಿತ್ರವೂ ಜಾಹೀರಾತಿನ ಹಾಗೆ ಕಂಡವು. ನಾನೂ ಬೀಗಿದೆ. ಮೂರನೇ ವಾರ ಒಬ್ಬಳ ಚಿತ್ರದ ಮೂಲೆ ತೋರಿಸಿ ‘ಇಲ್ಲಿ ಯಾಕೆ ಕತ್ತಲು?’ ಅಂತ ಕೇಳಿದೆ. ‘ಗೊತ್ತಿಲ್ಲ ಸಾರ್, ಅದೇ ಹಾಗೆ ಬಂತು’ ಎಂದಳು. ಅವಳನ್ನು ಬೈಯುವ ಹಾಗಿರಲಿಲ್ಲ. ಆ ಚಿತ್ರದಲ್ಲಿ ಅವಳು ತೀರ್ಮಾನ ಮಾಡಿದ್ದು ಏನೂ ಇರಲಿಲ್ಲ. ಮುಂದಿನ ತಿಂಗಳು ಟ್ರಯಲ್ ಅವಧಿ ಮುಗಿಯಿತು. ಕ್ಲಾಸ್ ಇದ್ದದ್ದು ಮೂರು ತಿಂಗಳು. ಅವರು ಮಾಡಿದ ಫೈಲುಗಳನ್ನು ಅವರೇ ತೆರೆಯಲು ಆಗಲಿಲ್ಲ.

ಆಮೇಲೆ ಲೈಸೆನ್ಸ್ ಓದುವುದು ಕಲಿತೆ. ವಿದ್ಯಾರ್ಥಿಗಳಿಗೆ ಉಚಿತ ಅಂತ ಎಷ್ಟೋ ಕಂಪನಿಗಳು ಕೊಡುತ್ತವೆ. ಆಟೋಡೆಸ್ಕ್ ಒಂದೊಂದು ವರ್ಷಕ್ಕೆ ಕೊಟ್ಟು, ಮತ್ತೆ ದಾಖಲೆ ನೋಡಿ ಮುಂದುವರಿಸುತ್ತದೆ. ಲ್ಯೂಮಿಯಾನ್‌ಗೂ ವಿದ್ಯಾರ್ಥಿ ಲೈಸೆನ್ಸ್ ಇದೆ. ಆದರೆ ಇಂಥ ಕಡೆ ಕೇಳುವುದು ಕಾಲೇಜಿನ ದಾಖಲೆ. ಮಾನ್ಯತೆ ಇರುವ ಕಾಲೇಜಾದರೆ ಸರಿ. ಬಸ್ ಸ್ಟ್ಯಾಂಡ್ ಹತ್ತಿರ ಮಹಡಿ ಮೇಲೆ ನಡೆಯುವ ನಮ್ಮಂಥ ಕ್ಲಾಸಿನವರು ಯಾವ ದಾಖಲೆ ಕೊಡುವುದು? ಟ್ವಿನ್‌ಮೋಷನ್ ಈ ವಿಷಯದಲ್ಲಿ ಉದಾರಿ. 2024ರಿಂದ, ವರ್ಷದ ಆದಾಯ ಹತ್ತು ಲಕ್ಷ ಡಾಲರಿಗಿಂತ ಕಮ್ಮಿ ಇರುವವರಿಗೆ ಅದು ಉಚಿತ. ನಾವು ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ನಿಮ್ಮಲ್ಲಿ ಎಲ್ಲ ಕಂಪ್ಯೂಟರಿಗೂ ಒಳ್ಳೆ ಕಾರ್ಡ್ ಇದ್ದರೆ ಅದನ್ನು ಖಂಡಿತ ಯೋಚಿಸಿ. ಕ್ರ್ಯಾಕ್ ಹಾಕುವ ಮಾತು ಎತ್ತಬೇಡಿ. ಒಬ್ಬನ ಪೆನ್‌ಡ್ರೈವಿನಿಂದ ಹದಿನಾರಕ್ಕೂ ವೈರಸ್ ಹರಡಿದ್ದನ್ನು ನೋಡಿದ್ದೇನೆ.

ನಾನು ಕೊನೆಗೆ ಹಿಡಿದದ್ದು ಬ್ಲೆಂಡರ್. ಅದರ ಹಿಂದಿನ ಕಥೆಯೂ ಚೆನ್ನಾಗಿದೆ. ಅದನ್ನು ಮಾರುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿತು. ಬರೆದವರಾದ ಟಾನ್ ರೋಸೆಂಡಾಲ್ ಜನರಿಂದ ಚಂದಾ ಎತ್ತಿದರು. ಏಳು ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿತು. ಆ ಹಣ ಕೊಟ್ಟು ಬಿಡಿಸಿಕೊಂಡು ಎಲ್ಲರಿಗೂ ಮುಕ್ತ ಮಾಡಿದರು. 2025ರಲ್ಲಿ ಅನಿಮೇಷನ್ ವಿಭಾಗದ ಆಸ್ಕರ್ ಗೆದ್ದ ಲಾಟ್ವಿಯಾದ ಚಿತ್ರವನ್ನು ಮಾಡಿದ್ದೂ ಇದರಲ್ಲೇ. ಅಪ್ಪ ಅಮ್ಮಂದಿರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ‘ಫ್ರೀ ಅಂದ್ರೆ ಚೀಪು’ ಅನ್ನುವ ಅನುಮಾನ ಅರ್ಧ ಇಳಿಯುತ್ತದೆ.

ನನಗೆ ಮುಖ್ಯವಾದದ್ದು ಆಸ್ಕರ್ ಅಲ್ಲ. ಬ್ಲೆಂಡರ್ ಜಿಪ್ ಫೈಲಾಗಿಯೂ ಸಿಗುತ್ತದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಅಕ್ಕನ ಲ್ಯಾಪ್‌ಟಾಪ್, ಮಾವನ ಅಂಗಡಿಯ ಕಂಪ್ಯೂಟರ್, ಎಲ್ಲಿ ಸಿಕ್ಕರೂ ಹಾಕಿ ಕೂರಬಹುದು. ಕೋರ್ಸ್ ಮುಗಿದ ಮೇಲೂ ಕೀಲಿ ಬೀಳುವುದಿಲ್ಲ.

ಹಾಗಂತ ಅದು ಸುಲಭ ಅಲ್ಲ. ಮೊದಲ ಸಲ ತೆರೆದವರು ಬಟನ್‌ಗಳ ಸಂತೆ ನೋಡಿಯೇ ಬೆವರುತ್ತಾರೆ. ಇಂಟೀರಿಯರ್ ಕಲಿಯುವವರಿಗೆ ಅದರಲ್ಲಿ ಮುಕ್ಕಾಲು ಭಾಗ ಬೇಡವೇ ಬೇಡ. ಮೊದಲ ತಿಂಗಳು ನಾನು ಮಾಡೆಲಿಂಗ್ ಹೇಳಿಕೊಡುವುದೇ ಇಲ್ಲ. ನಾನೇ ಕಟ್ಟಿದ ಒಂದು ರೂಮಿನ ಫೈಲ್ ಕೊಡುತ್ತೇನೆ. ಜರುಗಿಸಲು ಜಿ, ತಿರುಗಿಸಲು ಆರ್, ಹಿಗ್ಗಿಸಲು ಎಸ್. ಈ ಮೂರು ಕೀ, ಒಂದು ಲೈಟು, ಒಂದು ಕ್ಯಾಮೆರಾ. ಇಷ್ಟೇ. ಇನ್ನೊಂದು ಎಚ್ಚರ: ಹೊಸ ಫೈಲಿನಲ್ಲಿ ಸೈಕಲ್ಸ್ ಸ್ಯಾಂಪಲ್ 4096 ಅಂತ ಇರುತ್ತದೆ. ಅದನ್ನು 128ಕ್ಕೆ ಇಳಿಸಿ ಡಿನಾಯ್ಸ್ ಹಾಕಿಸಿಯೇ ಪಾಠ ಶುರು ಮಾಡಿ. ಇಲ್ಲದಿದ್ದರೆ ಮೊದಲ ದಿನ ಪೂರ್ತಿ ಹುಡುಗರು ಸ್ಕ್ರೀನ್ ನೋಡುತ್ತಾ ಕೂರುತ್ತಾರೆ. ಫೈಲ್ ಪೆನ್‌ಡ್ರೈವಿಗೆ ಹಾಕುವ ಮುಂಚೆ ಟೆಕ್ಸ್ಚರ್‌ಗಳನ್ನು, ಅಂದರೆ ನೆಲ ಗೋಡೆಗೆ ಅಂಟಿಸಿದ ಚಿತ್ರಗಳನ್ನು, ಅದರೊಳಗೇ ಪ್ಯಾಕ್ ಮಾಡಿಸಿ. ಮರೆತರೆ ಮನೆಗೆ ಹೋಗಿ ತೆರೆದಾಗ ನೆಲ, ಗೋಡೆ, ಸೋಫಾ ಎಲ್ಲ ಕಣ್ಣು ಕುಕ್ಕುವ ಗುಲಾಬಿ.

‘ಸಾರ್, ಬೆಂಗಳೂರಲ್ಲಿ ಕೆಲಸಕ್ಕೆ ಹೋದ್ರೆ ಸ್ಕೆಚಪ್, ವಿ-ರೇ ಕೇಳ್ತಾರಲ್ಲ?’ ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಎಪ್ಪತ್ತು ಕಿಲೋಮೀಟರ್ ದಾಟಿದರೆ ಕೆಲಸ ಇರುವುದು ಅಲ್ಲೇ. ಅದಕ್ಕೇ ಕೊನೆಯ ಮೂರು ವಾರ ಬೇರೆ ಸಾಫ್ಟ್‌ವೇರ್ ತೋರಿಸಲು ಇಟ್ಟುಕೊಂಡಿದ್ದೇನೆ. ಮಾಡೆಲ್ ಕಟ್ಟುವ ಸ್ಕೆಚಪ್‌ನ ಉಚಿತ ಆವೃತ್ತಿ ಬ್ರೌಸರಿನಲ್ಲೇ ತೆರೆಯುತ್ತದೆ. ಆ ಮೂರು ಕಾರ್ಡಿನ ಕಂಪ್ಯೂಟರಿಗೂ ಆಗ ಪಾಳಿ ಹಾಕುತ್ತೇನೆ. ಬಟನ್ ಜಾಗ ಬದಲಾಗುತ್ತದೆ, ರಫ್‌ನೆಸ್ ರಫ್‌ನೆಸ್ಸೇ. ಸೈಕಲ್ಸ್‌ನಲ್ಲಿ ಬೆಳಕು ಇಡಲು ಕಲಿತವರು ವಿ-ರೇಗೆ ಒಂದೆರಡು ವಾರದಲ್ಲಿ ಒಗ್ಗುತ್ತಾರೆ.

ರಫ್‌ನೆಸ್ ಅಂದೆ. ವಸ್ತುವಿನ ಮೈ ಎಷ್ಟು ಒರಟು ಅಂತ ಹೇಳುವ ಅಂಕಿ ಅದು. ಅದನ್ನು ನಾವು ಸ್ಕ್ರೀನ್ ಮೇಲೆ ಶುರು ಮಾಡುವುದಿಲ್ಲ. ಟೇಬಲ್ ಮೇಲೆ ಮೂರು ವಸ್ತು ಇಡುತ್ತೇನೆ. ಒಂದು ಮಾಲೂರು ಹೆಂಚು, ಅಡುಗೆಮನೆ ಕಟ್ಟೆಗೆ ಹಾಕುವ ಪಾಲಿಶ್ ಗ್ರಾನೈಟಿನ ತುಂಡು, ಒಂದು ಸ್ಟೀಲ್ ಲೋಟ. ಮೊಬೈಲ್ ಟಾರ್ಚ್ ಹಿಡಿದರೆ ಹೆಂಚಿನ ಮೇಲೆ ಬೆಳಕು ಹರಡುತ್ತದೆ, ಗ್ರಾನೈಟಿನಲ್ಲಿ ಟಾರ್ಚೇ ಕಾಣುತ್ತದೆ. ಹೆಂಚಿನ ರಫ್‌ನೆಸ್ 1ರ ಹತ್ತಿರ, ಗ್ರಾನೈಟಿನದು 0ಯ ಹತ್ತಿರ. ಇಬ್ಬರು ಮೂವರು ಗ್ರಾನೈಟ್ ಹೊಳೆಯುತ್ತದೆ ಅಂತ ಮೆಟಾಲಿಕ್ ಅನ್ನೂ ಏರಿಸಿರುತ್ತಾರೆ. ಹೊಳೆಯುವುದೆಲ್ಲ ಲೋಹ ಅಲ್ಲ. ಲೋಟಕ್ಕೆ ಮೆಟಾಲಿಕ್ 1, ಕಲ್ಲಿಗೆ 0. ನಡುವಿನ ಅಂಕಿ ಬೇಕಾಗುವುದು ತೀರಾ ಅಪರೂಪ. ಆಮೇಲೆ ಹೆಂಚಿನ ಮೇಲೆ ನೀರು ಚಿಮುಕಿಸಿ ‘ಈಗ ಏನು ಬದಲಾಯಿತು?’ ಅಂತ ಕೇಳುತ್ತೇನೆ. ಬಣ್ಣ ಕಪ್ಪಾಯಿತು, ರಫ್‌ನೆಸ್ ಇಳಿಯಿತು. ಎರಡನ್ನೂ ಹೇಳುವವರು ಸಿಕ್ಕರೆ ಆ ದಿನ ನನಗೆ ಟೀ ರುಚಿ.

ಅಳತೆಯಲ್ಲೂ ಒಂದು ಗುಂಡಿ ಇದೆ. ಇಲ್ಲಿ ರೂಮು ಅಂದರೆ ಹತ್ತು ಹನ್ನೆರಡು ಅಡಿ. ಬ್ಲೆಂಡರ್ ಹುಟ್ಟಿನಿಂದ ಮೀಟರಿನದು. ಸೆಟ್ಟಿಂಗ್ ಬದಲಿಸದೆ 10 ಅಂತ ಹೊಡೆದರೆ ಹತ್ತು ಮೀಟರಿನ ಹಾಲ್ ಎದ್ದು ನಿಲ್ಲುತ್ತದೆ. ಸ್ಕ್ರೀನಿನಲ್ಲಿ ಗೊತ್ತೇ ಆಗುವುದಿಲ್ಲ, ಆದರೆ ಲೈಟು ಮಂಕು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ ಆಗುತ್ತದೆ. ಇಲ್ಲಿ ದೂರ ಮೂರು ಪಟ್ಟಿಗೂ ಜಾಸ್ತಿ, ಬೆಳಕು ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ. ಹುಡುಗರು ಅದಕ್ಕೆ ವ್ಯಾಟ್ ಏರಿಸುತ್ತಾ ಹೋಗುತ್ತಾರೆ. ಆ ವ್ಯಾಟ್ ಕೂಡ ಬಲ್ಬಿನ ಡಬ್ಬದ ಮೇಲೆ ಇರುವ ವ್ಯಾಟ್ ಅಲ್ಲ. ಡಬ್ಬದ್ದು ಬಲ್ಬ್ ಎಳೆಯುವ ಕರೆಂಟು, ಬ್ಲೆಂಡರಿನದು ಹೊರಗೆ ಬರುವ ಬೆಳಕು.

ಕೊನೆಯ ಪಾಠ ಬಿಸಿಲಿನದು. ಆಕಾಶದ ಚಿತ್ರಗಳು ಪಾಲಿ ಹೇವನ್ ತಾಣದಲ್ಲಿ ಧಾರಾಳ ಸಿಗುತ್ತವೆ, ಉಚಿತ. ಆದರೆ ಯೂರೋಪಿನ ಮೋಡದ ಆಕಾಶ ಹಾಕಿದರೆ ನೆರಳೆಲ್ಲ ಮೆತ್ತಗಾಗುತ್ತದೆ. ನಮ್ಮ ಬಿಸಿಲು ಹಾಗಿಲ್ಲ. ಅದಕ್ಕೇ ಊರು, ದಿನ, ಹೊತ್ತು ಕೊಟ್ಟರೆ ಸೂರ್ಯನನ್ನು ಸರಿಯಾದ ಜಾಗದಲ್ಲಿ ಇಡುವ ಸನ್ ಪೊಸಿಷನ್ ಎಂಬ ಉಚಿತ ಆಡ್ಆನ್ ಹಾಕಿಸಿ ಕೋಲಾರದ ಅಂಕಿ ಕೊಡಿಸುತ್ತೇನೆ. ಉತ್ತರ ಅಕ್ಷಾಂಶ 13.13, ಪೂರ್ವ ರೇಖಾಂಶ 78.13, ಟೈಮ್ ಜೋನ್ 5.5. ಆ ಅರ್ಧ ಗಂಟೆ ಮರೆತರೆ ಸೂರ್ಯನೂ ಅಷ್ಟೇ ಸರಿಯುತ್ತಾನೆ.

ಹೋದ ಬ್ಯಾಚಿನಲ್ಲಿ ಶ್ರೀನಿವಾಸಪುರದ ಹುಡುಗಿಯೊಬ್ಬಳು ಜೂನ್ 21ರ ಮಧ್ಯಾಹ್ನ ಹಾಕಿ ಕೈ ಎತ್ತಿದಳು. ‘ಸಾರ್, ತಪ್ಪು ಬಂದಿದೆ. ಬಿಸಿಲು ಉತ್ತರದ ಗೋಡೆ ಮೇಲೆ ಬೀಳ್ತಿದೆ.’ ಯೂಟ್ಯೂಬ್ ಪಾಠಗಳಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಅದನ್ನು ಮಾಡುವವರ ಊರಿನಲ್ಲಿ ಅದು ನಿಜ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ಮೂರನೇ ವಾರ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಹೊರಡುತ್ತಾನೆ. ಜೂನ್ 21ಕ್ಕೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸುಮಾರು ಹತ್ತು ಡಿಗ್ರಿ. ಇದನ್ನೆಲ್ಲ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಉತ್ತರದ ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜಾ ಎಳೆದು ಮತ್ತೆ ರೆಂಡರ್ ಒತ್ತಿದಳು. ಅವಳು ಕೂತಿದ್ದದ್ದು ಏಳನೇ ನಂಬರಿನಲ್ಲಿ. ಹನ್ನೊಂದು ನಿಮಿಷ ಹಿಡಿಯಿತು.